ದೇವರು ಬಿದ್ದ ವರ್ಷ

ಗುರುವಾರ ಸಂಜೆ ರಾಯಚೂರಿನ ಬಜಾರಿಗೆ ಹೋದರೆ ಊದಿನ ಹೊಗೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹಸಿರು ರುಮಾಲಿನ ಫಕೀರನೊಬ್ಬ ಕೆಂಡದ ಬಟ್ಟಲು ಹಿಡಿದು ಅಂಗಡಿಯಿಂದ ಅಂಗಡಿಗೆ ಹೋಗುತ್ತಾನೆ. ನವಿಲುಗರಿಯ ಕುಂಚದಿಂದ ಹೊಗೆಯನ್ನು ಒಳಕ್ಕೆ ತಳ್ಳುತ್ತಾನೆ. ಮೊನ್ನೆ ಸೊಸೆಯ ಜೊತೆ ಬಟ್ಟೆ ಅಂಗಡಿಯಲ್ಲಿ ಕೂತಿದ್ದಾಗ ಅವನು ಬಂದ. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಎರಡೂ ಕೈಯಿಂದ ಹೊಗೆಯನ್ನು ಎಳೆದು ಮುಖಕ್ಕೆ ತಂದುಕೊಂಡೆ.

"ಕೆಮ್ಮು ಬರ್ತದ ಅತ್ತಿ," ಎಂದಳು.

"ಬರಲಿ ಬಿಡು," ಎಂದೆ.

ಅವಳಿಗೇನು ಗೊತ್ತು, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಮನೆಯ ಗೂಟಕ್ಕೆ ನೇತುಹಾಕಿದ ಅಂಗಿಯಲ್ಲಿ ಇದೇ ವಾಸನೆ ಇತ್ತು. ಅದು ನನ್ನ ಗಂಡನ ಅಂಗಿ. ಗೋಡೆ ಕಟ್ಟುವ ಕೆಲಸದವರಾದ್ದರಿಂದ ಊರಿನವರು ಗೌಂಡಿ ಹುಸೇನಪ್ಪ ಎನ್ನುತ್ತಿದ್ದರು. ನಾನು ಹೆಸರು ಹಿಡಿಯುವವಳಲ್ಲ, ನನಗೆ ಅವರು ನಮ್ಮವರು. ಹೆಸರು ಕೇಳಿ ಹೊರಗಿನವರು ಮುಸಲ್ಮಾನರೇನೋ ಅಂದುಕೊಳ್ಳುತ್ತಾರೆ. ಮಕ್ಕಳಾಗದ ಅತ್ತೆ ಮೊಹರಮ್ಮಿನ ಅಲಾಯಿ ದೇವರಿಗೆ ಬೇಡಿಕೊಂಡು ಹೆತ್ತ ಮಗ, ಅದಕ್ಕೆ ಹುಸೇನಪ್ಪ. ನಮ್ಮ ಕಡೆ ಇಂಥ ಹೆಸರಿನ ಹಿಂದೂಗಳು ಓಣಿಗಿಬ್ಬರು ಸಿಗುತ್ತಾರೆ.

ನನ್ನ ತವರು ಮಾನ್ವಿ ತಾಲೂಕಿನ ಪೋತ್ನಾಳ. ಕಾಲುವೆ ನೀರು, ಭತ್ತದ ಗದ್ದೆ, ಹೊತ್ತು ಹೊತ್ತಿಗೆ ಅನ್ನ. ಕೊಟ್ಟದ್ದು ದೇವದುರ್ಗದ ಆಚೆ, ಕೃಷ್ಣಾ ಹೊಳೆಯ ಕಡೆಗಿನ ಊರಿಗೆ. ಅಲ್ಲಿ ಹೊಳೆ ಕಣ್ಣಿಗೆ ಕಾಣುತ್ತಿತ್ತು, ಹೊಲಕ್ಕೆ ಬರುತ್ತಿರಲಿಲ್ಲ. ಮೊದಲ ವರ್ಷ ಜೋಳದ ರೊಟ್ಟಿ ಬಡಿಯಲು ಬಾರದೆ ಅತ್ತೆಯ ಕೈಯಲ್ಲಿ ಬಹಳ ಅನ್ನಿಸಿಕೊಂಡೆ. ಏಳನೆಯ ಇಯತ್ತೆ ಪಾಸಾಗಿದ್ದೆನೆಂದು ಊರಿನ ಬಾಲವಾಡಿ ನನಗೆ ಸಿಕ್ಕಿತು. ಸಣ್ಣ ಹುಡುಗರನ್ನು ಕೂಡಿಸಿ ಹಾಡು ಹೇಳಿಸುವುದು, ಮಧ್ಯಾಹ್ನ ಉಪ್ಪಿಟ್ಟು ಮಾಡಿ ತಿನ್ನಿಸುವುದು. ಊರಿನವರು ಅಕ್ಕೋರೆ ಎನ್ನುತ್ತಿದ್ದರು. ಆ ಒಂದು ಮಾತಿಗೆ ನಾನು ಉಬ್ಬಿಹೋಗಿದ್ದೆ, ಸುಳ್ಳೇಕೆ ಹೇಳಲಿ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ಮೊಹರಂ ವರ್ಷವರ್ಷಕ್ಕೂ ಹಿಂದೆ ಸರಿಯುತ್ತ ಚಳಿಗಾಲಕ್ಕೆ ಬಂದು ನಿಂತಿತ್ತು. ನಮ್ಮೂರಲ್ಲಿ ದೊಡ್ಡದೇವರನ್ನು ಹೊರುವ ಹಕ್ಕು ನಮ್ಮ ಮನೆಯದು. ದೇವರೆಂದರೆ ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಹಿತ್ತಾಳೆಯ ಹಸ್ತ, ಅದಕ್ಕೆ ಬಣ್ಣಬಣ್ಣದ ಬಟ್ಟೆ, ಹೂವು. ಮಾವನವರು ಹೊತ್ತಿದ್ದರು, ಅವರ ನಂತರ ನಮ್ಮವರು. ಹೊರುವವನ ಕೈಗೆ ಮಸೂತಿ ನೋಡಿಕೊಳ್ಳುವ ಮುಜಾವರ ಕೆಂಪು ದಾರದ ಲಾಡಿ ಕಟ್ಟುತ್ತಾನೆ. ಕಟ್ಟಿದ ಮೇಲೆ ದೇವರು ಹೊಳೆಗೆ ಹೋಗಿ ಬರುವ ತನಕ ಮಂಚ ಇಲ್ಲ, ಚಪ್ಪಲಿ ಇಲ್ಲ, ಸೇಂದಿ ಕುಡಿಯುವುದಂತೂ ಇಲ್ಲವೇ ಇಲ್ಲ. ಮುಟ್ಟಾದ ಹೆಂಗಸರು ಅವನ ನೆರಳಿಗೂ ಹೋಗಬಾರದು. ಕೊನೆಯ ದಿನ ದೇವರು ಒಂದೊಂದು ಮನೆಯ ಮುಂದೆ ಬಂದಾಗ ಹೊತ್ತವನ ಕಾಲಿಗೆ ಒಂದು ಕೊಡ ನೀರು ಹಾಕುವುದು ಆ ಮನೆಯ ಹೆಂಗಸಿನ ಕೆಲಸ.

ಇನ್ನೊಂದು ಪದ್ಧತಿ ಇತ್ತು. ದೇವರು ಹೊತ್ತವನು ಹೊತ್ತಷ್ಟು ಹೊತ್ತು ಅವನಾಗಿರುವುದಿಲ್ಲ. ಅವನ ಬಾಯಲ್ಲಿ ಬಂದದ್ದು ದೇವರ ಮಾತು. ಮಳೆ ಯಾವಾಗ, ಮಗಳ ಮದುವೆ ಯಾವಾಗ ಎಂದು ಜನ ಕೇಳುತ್ತಾರೆ, ಅವನು ಹೇಳುತ್ತಾನೆ, ನಂಬುತ್ತಾರೆ.

ಆ ವರ್ಷ ಕೊನೆಯ ದಿನ, ಹೊತ್ತು ಇಳಿಯುವ ಮುಂಚೆ, ಚಾವಡಿಯ ತಿರುವಿನಲ್ಲಿ ದೇವರು ಬಿತ್ತು. ಚಾವಡಿ ನಮ್ಮ ಮನೆಗೆ ಕೂಗಳತೆ. ನಾನು ಕೊಡ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದೆ. ಹಲಗೆಯ ಬಡಿತ ನಿಂತಿತು, ಕುಣಿಯುವವರು ನಿಂತರು, ಊರಿಗೂರೇ ಉಸಿರು ಹಿಡಿಯಿತು. ಕೊಡ ಇಟ್ಟು ಓಡಿದೆ. ನಮ್ಮವರು ಮೊಣಕಾಲೂರಿ ಕೂತಿದ್ದರು. ಹಿತ್ತಾಳೆಯ ಹಸ್ತ ಕಲ್ಲಿಗೆ ಬಡಿದು ಎರಡು ಬೆರಳು ಮಡಚಿದ್ದವು. ಎಬ್ಬಿಸಲು ಬಗ್ಗಿದೆ. ಊದಿನ ವಾಸನೆಯ ಒಳಗಿಂದ ಸೇಂದಿ ನಾರಿತು.

ಗೌಡರು ಮುಂದೆ ಬಂದು ಕೈ ಮುಗಿದು ಕೇಳಿದರು: "ಏನು ತಪ್ಪಾತು ನಮ್ಮಪ್ಪಾ? ಎಲ್ಲಿ ಮೈಲಿಗಿ ಆಗ್ಯದ, ಹೇಳು."

ನಮ್ಮವರು ತಲೆ ಎತ್ತಲಿಲ್ಲ. ದೇವರು ಬಂದವರ ದನಿ ಮಾಡಿದರು. "ನನ್ನ ಹೊರೋ ಮನಿಯಾಗ ಹೆಣ್ಣು ಮುಟ್ಟು ಮುಚ್ಚಿಟ್ಟಾಳ," ಎಂದರು.

ನಮ್ಮ ಮನೆಯಲ್ಲಿ ಮುಟ್ಟಾಗುವ ವಯಸ್ಸಿನವಳು ನಾನೊಬ್ಬಳೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಾನಾದೆ. ಬಾಯಿ ತೆರೆದೆ. ನನ್ನ ಬಾಯಿ ಮೊದಲಿಂದಲೂ ಜೋರು. ಅಷ್ಟರಲ್ಲಿ ಅತ್ತೆ ಹಿಂದಿನಿಂದ ಬಂದು ರಟ್ಟೆ ಹಿಡಿದಳು. "ಸುಮ್ಕಿರು. ಮನಿತನದ ಮಾತದ," ಎಂದು ಕಿವಿಯಲ್ಲಿ ಅಂದಳು. ಅವಳಿಗೂ ಸೇಂದಿಯ ವಾಸನೆ ಬಡಿದಿತ್ತು. ನಾನು ಹೇಳಿದರೆ ಅದು ಒಬ್ಬ ಹೆಂಗಸಿನ ಮಾತು. ಅವರು ಹೇಳಿದ್ದು ದೇವರ ಮಾತು. ಯಾರನ್ನು ನಂಬುತ್ತಿದ್ದರು? ಮುಜಾವರ ಲಾಲಸಾಬ ತಾತ ಬಂದು ದೇವರನ್ನು ಎತ್ತಿಕೊಂಡ. ಬಾಗಿಲಲ್ಲಿ ನನ್ನ ಕೊಡದ ನೀರು ಹಾಗೆಯೇ ಉಳಿಯಿತು.

ಅವತ್ತಿನಿಂದ ನಾನು ನಮ್ಮವರ ಜೊತೆ ಮಾತು ಬಿಟ್ಟೆ. ಮಾತು ಬಿಟ್ಟೆನೆಂದರೆ ಬಾಯಿ ಮುಚ್ಚಿದೆನೆಂದಲ್ಲ. ರೊಟ್ಟಿ ಬಡಿದಿಟ್ಟು ಕೋಳಿಗೆ ಹೇಳುತ್ತಿದ್ದೆ, "ಉಣ್ಣಾವರು ಉಣ್ಣಬಹುದು." ನೀರು ಕಾದರೆ ಕಂಬಕ್ಕೆ ಹೇಳುತ್ತಿದ್ದೆ. ಅವರ ಮುಖ ನೋಡಿ ಒಂದು ಮಾತು ಆಡಲಿಲ್ಲ.

ಬಾಲವಾಡಿಗೆ ಮರುದಿನ ಬಂದದ್ದು ತಾತನ ಮೊಮ್ಮಗಳೊಬ್ಬಳೇ. ಉಳಿದ ತಾಯಂದಿರು ಮಕ್ಕಳನ್ನು ಕಳಿಸಲಿಲ್ಲ. ದೇವರನ್ನೇ ಕೆಡವಿದ ಕೈಯ ಉಪ್ಪಿಟ್ಟು ಯಾರು ತಿನ್ನುತ್ತಾರೆ. ಬಾವಿಗೆ ನಾನು ಹೋದರೆ ಹೆಂಗಸರು ಹಗ್ಗ ಎತ್ತಿಕೊಂಡು ಸರಿಯುತ್ತಿದ್ದರು. ದೇವದುರ್ಗದಿಂದ ತಪಾಸಣೆಗೆ ಬಂದ ಮೇಡಂ, "ಹಿಂಗಾದ್ರ ಬಾಲವಾಡಿ ಬ್ಯಾರೆ ಊರಿಗೆ ಹೋಗ್ತದ ನೋಡವ್ವ," ಎಂದು ಹೇಳಿ ಹೋದರು. ಸಂಕ್ರಾಂತಿ ಹೊತ್ತಿಗೆ ಏಳೆಂಟು ಮಕ್ಕಳು ಬರತೊಡಗಿದವು. ಹೊಟ್ಟೆಗಿಲ್ಲದ ಮನೆಯವು. ಅವು ಗಬಗಬ ತಿನ್ನುವುದನ್ನು ನೋಡಿದಾಗ ನನಗೆ ಸಮಾಧಾನವೂ ಆಗುತ್ತಿತ್ತು, ಅಳುವೂ ಬರುತ್ತಿತ್ತು.

ನಮ್ಮವರು ಇನ್ನಷ್ಟು ಕುಡಿದರು. ಆದರೆ ಮೊದಲಿನ ಹಾಗೆ ಕುಡಿದು ಹಾಡುತ್ತಿರಲಿಲ್ಲ. ಹಿತ್ತಲ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಯುಗಾದಿಗೆ ಅತ್ತೆಯ ಕಾಲು ಮುಟ್ಟಿ ಆಣೆ ಮಾಡಿದರು, ಇನ್ನು ಮುಟ್ಟುವುದಿಲ್ಲ ಎಂದು. ಹಬ್ಬದ ಮರುದಿನ, ಕರಿಯ ದಿನವೇ ಮುರಿದರು. ಅಮಾವಾಸ್ಯೆಗೆ ಇನ್ನೊಂದು ಆಣೆ. ಅದೂ ನಾಲ್ಕು ದಿನ. ಕೈ ನಡುಗಿ ಕೆಲಸ ಕೆಟ್ಟಿತು, ಜನ ಬೇರೆ ಗೌಂಡಿಯನ್ನು ಕರೆದರು. "ನನ್ನ ದೇವರು ಬಿಟ್ಟಾನ. ಬಿಟ್ಟ ಮ್ಯಾಲ ಎದಕ ನೆಟ್ಟಗಿರಬೇಕು," ಎಂದು ಒಂದು ದಿನ ಅತ್ತೆಯ ಮುಂದೆ ಅತ್ತರು. ನನಗೆ ಕನಿಕರ ಬರಲಿಲ್ಲ. ಬಿಟ್ಟದ್ದು ದೇವರೋ, ಇವರೋ ಎಂದು ಕೋಳಿಯನ್ನು ಕೇಳಿದೆ.

ಆ ಸಲ ಮಳೆ ಚೆನ್ನಾಗಿ ಹಿಡಿಯಿತು. ಶ್ರಾವಣದ ಜಡಿಮಳೆಗೆ ಲಾಲಸಾಬ ತಾತನ ಮನೆಯ ಹಿಂಬದಿ ಗೋಡೆ ಹೊಟ್ಟೆ ಉಬ್ಬಿ ಅರ್ಧ ಕುಸಿಯಿತು. ತಾತ ಬೇರೆ ಯಾರನ್ನೂ ಕರೆಯಲಿಲ್ಲ. ಕೊಡೆ ಹಿಡಿದು ನಮ್ಮ ಮನೆಗೇ ಬಂದ. ನಮ್ಮವರು, "ನನ್ನ ಕೈ ನಡಗ್ತಾವ ತಾತ, ಬ್ಯಾರೆಯವರನ್ನ ನೋಡು," ಎಂದರು. "ನಡಗಲಿ. ಹಗೂರ ಕಟ್ಟು. ಮಳಿ ಬಂದಾಗ ನಾ ಮತ್ತೊಂದು ಕೋಣ್ಯಾಗ ಮಲಗ್ತೀನಿ," ಎಂದ ತಾತ.

ನಾಲ್ಕನೆಯ ದಿನವೋ ಐದನೆಯ ದಿನವೋ ಅತ್ತೆಗೆ ಜ್ವರ ಬಂದು ಬುತ್ತಿ ನಾನೇ ಒಯ್ಯಬೇಕಾಯಿತು. ಮಳೆ ನಿಂತು ಬಿಸಿಲು ಬಿದ್ದಿತ್ತು. ನಮ್ಮವರು ದಾರಕ್ಕೆ ಕಟ್ಟಿದ ಗುಂಡನ್ನು ಗೋಡೆಯ ಮೇಲಿಂದ ಇಳಿಬಿಟ್ಟು ನೆಟ್ಟಗಿದೆಯೇ ಎಂದು ನೋಡುತ್ತಿದ್ದರು. ತಾತ ಕೆಳಗೆ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ನಾನು ಬುತ್ತಿ ಇಟ್ಟು ಬಾಗಿಲ ಮರೆಯಲ್ಲಿ ನಿಂತೆ.

"ಹ್ಯಾಂಗದ?" ಎಂದು ತಾತ ಕೇಳಿದ.

"ಮ್ಯಾಲಿಂದೆಲ್ಲ ಸೊಟ್ಟ ಅದ. ನಿನ್ನೆ ಕಟ್ಟಿದ್ದೂ ಸೊಟ್ಟ ಆಗ್ಯದ."

"ಮತ್ತೇನ್ ಮಾಡ್ತಿ?"

"ಸೊಟ್ಟ ಹತ್ತಿದಲ್ಲಿತನ ಕೆಡವಬೇಕು. ಇಲ್ಲಂದ್ರ ಮ್ಯಾಲ ಎಷ್ಟು ಕಟ್ಟಿದ್ರೂ ಬೀಳ್ತದ."

"ಬುನಾದಿ?"

"ಬುನಾದಿ ಯಾಕ ಕೆಡವ್ತಾರ? ಅದು ನಿಮ್ಮಪ್ಪ ಹಾಕಿದ್ದು, ಕಬ್ಬಿಣ ಆಗ್ಯದ."

ತಾತ ಬೀಡಿ ಆರಿಸಿದ. "ಹುಸೇನಾ, ನೀ ದಿನಾ ಸೇಂದಿ ಬಿಡ್ತೀನಿ ಅಂತಿ, ದಿನಾ ಬೀಳ್ತಿ. ಯಾಕಂದ್ರ ನೀ ಮ್ಯಾಲಿಂದು ಕೆಡವಿ ಮ್ಯಾಲಿಂದು ಕಟ್ಟಾಕತ್ತಿ. ಸೊಟ್ಟ ಹತ್ತಿದ್ದು ಎಲ್ಲಿ, ಅದನ್ನ ಹೇಳು."

ನಮ್ಮವರು ಗುಂಡಿನ ದಾರ ಸುತ್ತಿಕೊಳ್ಳುತ್ತ ನಿಂತರು.

"ಚಾವಡಿ ಮುಂದ," ಎಂದರು ಕೊನೆಗೆ.

"ಹಾಂ. ಕುಡದಿದ್ದು ನನಗ ಅವತ್ತೇ ಗೊತ್ತಾತು. ದೇವರ ಬಾಯಿ ತಗೊಂಡು ಆ ಹುಡಿಗಿ ಮ್ಯಾಲ ಹಾಕಿದಿ ನೋಡು, ಅದಕ್ಕ ಇಷ್ಟು ದಿನ ದಾರಿ ಕಾಯಾಕತ್ತೀನಿ, ನೀನಾಗಿ ಹೇಳ್ತಿ ಅಂತ. ಇನ್ನ ಮೂರು ತಿಂಗಳು, ಲಾಡಿ ಕಟ್ಟೋತನ ಕಾಯ್ತಿದ್ದೆ. ಆಮ್ಯಾಲ ನಾನೇ ಹೇಳ್ತಿದ್ದೆ."

"ದೇವರನ್ನ ಕೆಡವಿದಾಂವ ನಾ. ಅಂವ ನನ್ನ ಮುಖ ನೋಡ್ತಾನೇನು ತಾತ?"

"ಹುಚ್ಚಪ್ಪ ಅದಿ. ದೇವರು ಎಲ್ಲಿ ಬೀಳ್ತಾನ? ಬಿದ್ದದ್ದು ಹಿತ್ತಾಳಿ. ಬಿದ್ದಾಂವ ನೀ. ಅಂವ ನಿಂತಲ್ಲೇ ನಿಂತಾನ. ನಿನ್ನ ಬುನಾದಿ ನೀ ಹಾಕಿದ್ದಲ್ಲ, ಅಂವ ಹಾಕ್ಯಾನ. ಅದು ಗಟ್ಟಿ ಅದ ಅಂತ ನಂಬು. ನಂಬಿ ಕೆಡವು."

ನನಗೆ ತಾತನ ಮೇಲೂ ಸಿಟ್ಟು ಬಂತು. ಗೊತ್ತಿದ್ದೂ ಇಷ್ಟು ತಿಂಗಳು ಬಾವಿಯ ಕಟ್ಟೆಯಲ್ಲಿ ನನ್ನೊಬ್ಬಳನ್ನೇ ನಿಲ್ಲಿಸಿದನಲ್ಲ. ಮೊಮ್ಮಗಳನ್ನು ಮೊದಲ ದಿನದಿಂದಲೂ ಯಾಕೆ ಕಳಿಸುತ್ತಿದ್ದನೆಂದು ಆಗ ತಿಳಿಯಿತು. ಆದರೂ ಸಿಟ್ಟು ಬಂತು. ಬುತ್ತಿಯ ಬಟ್ಟೆ ಕೊಡವಿ ಮನೆಗೆ ನಡೆದೆ. ಹಿಂದಿನಿಂದ ಕಲ್ಲು ಬೀಳುವ ಸಪ್ಪಳ ಕೇಳಿಸಿತು. ನಮ್ಮವರು ನಿನ್ನೆ ಕಟ್ಟಿದ್ದನ್ನು ಕೆಡವುತ್ತಿದ್ದರು.

ದಸರೆ ಮುಗಿದ ಮೇಲೆ ಮಡಚಿದ ಹಸ್ತವನ್ನು ನೆಟ್ಟಗೆ ಮಾಡಿಸಬೇಕಾಯಿತು. ಆ ಕೆಲಸ ಬಲ್ಲ ಕಂಚುಗಾರನಿದ್ದದ್ದು ರಾಯಚೂರಿನಲ್ಲಿ. ತಾತ ನಮ್ಮವರಿಗೇ ಒಯ್ಯಲು ಹೇಳಿದ. ಜೊತೆಗೆ ನಾನೂ ಹೋಗಬೇಕಂತೆ. ಹಸಿರು ಬಟ್ಟೆಯಲ್ಲಿ ಸುತ್ತಿದ ಹಸ್ತವನ್ನು ನಮ್ಮವರು ಬಸ್ ಸ್ಟ್ಯಾಂಡಿನ ತನಕ ಹೇಗೋ ತಂದರು. ದೇವದುರ್ಗದಲ್ಲಿ ಬಸ್ಸು ಹತ್ತುವಾಗ ಕೈ ಜೋರಾಗಿ ನಡುಗತೊಡಗಿತು. ಕುಡಿಯುವುದನ್ನು ಬಿಟ್ಟು ಎರಡು ತಿಂಗಳಾಗಿತ್ತು. ಇದು ಹೆದರಿಕೆಯ ನಡುಕ.

"ನೀ ಹಿಡೀತಿ?" ಎಂದು ಕೇಳಿದರು.

ನಾನು ಕಿಟಕಿಗೆ ಹೇಳಿದೆ: "ಮೈಲಿಗಿ ಹೆಂಗಸಿನ ಕೈಗೆ ದೇವರು ಕೊಡ್ತಾರೇನು?"

ಅವರು ಅದನ್ನು ನನ್ನ ಮಡಿಲಲ್ಲಿಟ್ಟರು. ಕಂಡಕ್ಟರ್ ಟಿಕೆಟ್ ಹರಿದು ಹೋದ. ದಾರಿಯುದ್ದಕ್ಕೂ ಹತ್ತಿ ಬಿಡಿಸುವವರು ಕಾಣುತ್ತಿದ್ದರು. ಹಸ್ತ ಭಾರವಾಗಿತ್ತು, ಬೆರಳಿನ ಮೂಲೆ ತೊಡೆಗೆ ಚುಚ್ಚುತ್ತಿತ್ತು. ಬಸ್ಸು ಮಗುಚಲಿಲ್ಲ, ಟೈರು ಸಿಡಿಯಲಿಲ್ಲ. ನನಗೆ ಯಾಕೋ ಅಳು ಒತ್ತಿ ಬಂತು. ಇಷ್ಟೇನಾ, ಇದನ್ನು ಹಿಡಿದುಕೊಳ್ಳುವ ಯೋಗ್ಯತೆ ನನಗಿಲ್ಲವೆಂದು ಊರೆಲ್ಲ ಅಂದದ್ದು ಇಷ್ಟಕ್ಕೇನಾ ಎಂದು.

ಅರ್ಧ ದಾರಿಯಲ್ಲಿ ನಮ್ಮವರು ಮೆಲ್ಲಗೆ, "ನಿನ್ನ ಮುಂದ ಒಂದು ಮಾತು ಹೇಳಬೇಕು," ಎಂದರು.

ನಾನು ಮಡಿಲಲ್ಲಿದ್ದ ದೇವರಿಗೆ ಹೇಳಿದೆ: "ನನಗ ಹೇಳೋದು ಬ್ಯಾಡ, ನನಗ ಗೊತ್ತದ. ಊರ ಮುಂದ ಕೆಡವ್ಯಾರ, ಊರ ಮುಂದನ ಎತ್ತಲಿ."

ಕಂಚುಗಾರ ಹಸ್ತವನ್ನು ಕೆಂಪಗೆ ಕಾಸಿ, ಮರದ ಕೊಡತಿಯಿಂದ ಬೆರಳುಗಳನ್ನು ಬಡಿದು ನೆಟ್ಟಗೆ ಮಾಡಿಕೊಟ್ಟ. ಬಸ್ ಸ್ಟ್ಯಾಂಡಿಗೆ ತಿರುಗಿ ಬರುವ ದಾರಿಯಲ್ಲಿ ಸೇಂದಿ ಅಂಗಡಿಯೊಂದಿತ್ತು. ನಮ್ಮವರ ಕಾಲು ಅಲ್ಲಿ ನಿಧಾನವಾಯಿತು. ನಾನು ಹಿಂದಿನಿಂದ ನೋಡುತ್ತ ನಿಂತೆ. ಕರೆಯಲಿಲ್ಲ, ತಡೆಯಲೂ ಇಲ್ಲ. ಅವರು ಬಾಯಲ್ಲಿ ಏನೋ ಅಂದುಕೊಳ್ಳುತ್ತ ಮುಂದೆ ದಾಟಿದರು. ಏನಂದುಕೊಂಡರೆಂದು ಬಹಳ ವರ್ಷಗಳ ಮೇಲೆ ಕೇಳಿದೆ. "ಬುನಾದಿ ನಿಂದದ, ನಿಂದದ ಅಂತ ದೇವರಿಗೆ ಅಂದೆ. ಮತ್ತೇನೂ ನೆನಪಿಗೆ ಬರಲಿಲ್ಲ," ಎಂದರು.

ಆ ವರ್ಷದ ಮೊಹರಂ ಇನ್ನೂ ಸ್ವಲ್ಪ ಮುಂಚೆ ಬಂತು. ಲಾಡಿ ಕಟ್ಟುವ ದಿನ ಬೆಳಿಗ್ಗೆ ಊರಿನವರೆಲ್ಲ ಮಸೂತಿಯ ಮುಂದೆ ಸೇರಿದರು. ದೇವರಿಗೆ ಸಿಟ್ಟು ಬಂದದ್ದು ಹೆಂಗಸಿನ ಮೇಲೆ, ಆದ್ದರಿಂದ ನಮ್ಮವರೇ ಹೊರಲಿ, ನನ್ನನ್ನು ಮಾತ್ರ ಹಬ್ಬ ಮುಗಿಯುವ ತನಕ ಪೋತ್ನಾಳಕ್ಕೆ ಕಳಿಸಲಿ ಎಂದು ಊರಿನ ತೀರ್ಮಾನವಾಗಿತ್ತು. ಹಿಂದಿನ ದಿನ ಅತ್ತೆ ಮಗನ ಗದ್ದ ಹಿಡಿದು ಬೇಡಿಕೊಂಡಿದ್ದಳು: "ಹೇಳಬ್ಯಾಡೋ ಯಪ್ಪಾ. ನಿಮ್ಮಪ್ಪ ಹೊತ್ತ ದೇವರು. ಹೇಳಿದ್ರ ಮನಿ ಬಿಟ್ಟು ಹೋಗ್ತದ." ನನ್ನ ಬಟ್ಟೆಯ ಗಂಟು ಕಟ್ಟಿಯಾಗಿತ್ತು. ಗಂಟು ಮನೆಯಲ್ಲಿಟ್ಟು ನಾನೂ ಹೋಗಿ ಹೆಂಗಸರ ಹಿಂದೆ ನಿಂತೆ.

ತಾತ ಕೆಂಪು ದಾರ ಹಿಡಿದು ವಾಡಿಕೆಯಂತೆ ಕೇಳಿದ: "ನೇಮ ನೆಟ್ಟಗ ಹಿಡೀತಿಯೇನು?"

ಹೂಂ ಎನ್ನಬೇಕು, ಕೈ ಚಾಚಬೇಕು, ಅಷ್ಟೇ. ನಮ್ಮವರು ಕೈ ಚಾಚಲಿಲ್ಲ.

"ಹ್ವಾದ ವರ್ಷ ಹಿಡಿಲಿಲ್ಲ ತಾತ. ಕುಡದು ಹೊತ್ತಿದ್ದೆ. ಅದಕ್ಕ ಬಿತ್ತು. ನನ್ನ ಹೇಂತಿ ಮ್ಯಾಲ ಹೇಳಿದ್ದು ದೇವರಲ್ಲ. ನಾ ಹೇಳಿದ್ದು. ಆಕಿದೇನೂ ತಪ್ಪಿಲ್ಲ."

ದನಿ ಸಣ್ಣದಿತ್ತು. ಹಿಂದೆ ನಿಂತವರಿಗೆ ಕೇಳಿಸಲಿಲ್ಲವೆಂದು ಇನ್ನೊಮ್ಮೆ, ಜೋರಾಗಿ ಹೇಳಿದರು. ಅದೇ ದೊಡ್ಡದು ನೋಡಿ. ಒಮ್ಮೆ ಹೇಳುವುದಕ್ಕೆ ಸಿಟ್ಟಿದ್ದರೂ ಸಾಕು, ಎರಡನೆಯ ಸಲಕ್ಕೆ ಗಟ್ಟಿತನ ಬೇಕು.

ಗಲಾಟೆ ಎದ್ದಿತು. ಒಬ್ಬ ಹೊಡೆಯಲು ಬಂದ. ದೇವರ ಹೆಸರಲ್ಲಿ ಇವನು ಹೇಳಿದ ಮಳೆ, ಮದುವೆ ಎಲ್ಲ ಸುಳ್ಳೇನು ಎಂದು ಇನ್ನೊಬ್ಬ ಕೂಗಿದ. ಗೌಡರು ಎಲ್ಲರನ್ನೂ ಸುಮ್ಮನಿರಿಸಿ, "ಇನ್ನ ಮುಂದ ನಿಮ್ಮ ಮನಿಗೆ ದೇವರಿಲ್ಲ, ಹುಸೇನಪ್ಪ," ಎಂದರು. ನಮ್ಮವರು ತಲೆ ಆಡಿಸಿದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಲ್ಲೇ ಇನ್ನೊಂದು ಮನೆಯ ಹುಡುಗನ ಕೈಗೆ ಲಾಡಿ ಕಟ್ಟಿಸಿದರು.

ಆಮೇಲೆ ತಾತ ಒಳಗೆ ಹೋಗಿ ಊದಿನ ಬಟ್ಟಲು ತಂದ. ಮೆರವಣಿಗೆಯಲ್ಲಿ ದೇವರ ಮುಂದೆ ಕೆಂಡ ತುಂಬಿದ ಆ ಬಟ್ಟಲು ಹಿಡಿದು ನಡೆಯುವುದು ಅವನ ಕೆಲಸ. ಅದನ್ನು ನಮ್ಮವರ ಮುಂದೆ ಹಿಡಿದ.

"ದೇವರು ಹೊರೋದು ಊರಿನ ಮಾತು, ಊರು ಹೇಳಿದಂಗ ಆತು," ಎಂದ ಗೌಡರಿಗೆ. "ಊದು ಹಿಡಿಯೋದು ಮಸೂತಿದು. ನಾ ಮುದುಕ ಆಗೀನಿ, ಇನ್ನ ಇಂವ ಹಿಡೀತಾನ."

ಗೌಡರು ಆಗಲಿ ಎಂದರು. ನಮ್ಮವರು ಬಟ್ಟಲು ತೆಗೆದುಕೊಂಡು ಮಗುವಿನ ಹಾಗೆ ಅತ್ತರು. ನಾನು ಮನೆಗೆ ಬಂದು ಕಟ್ಟಿದ್ದ ಗಂಟು ಬಿಚ್ಚಿದೆ.

ಆ ನಂತರ ಅವರು ಎಂದೂ ಸೇಂದಿ ಮುಟ್ಟಲಿಲ್ಲ ಎಂದರೆ ಸುಳ್ಳಾಗುತ್ತದೆ. ಮುಂದೆಯೂ ಒಂದೆರಡು ಸಲ ಜಾರಿದರು. ಆದರೆ ಜಾರಿದ ಮರುದಿನವೇ ಮಸೂತಿಗೆ ಹೋಗಿ ತಾತನ ಮುಂದೆ, ತಾತ ಹೋದ ಮೇಲೆ ದೇವರ ಪೆಟ್ಟಿಗೆಯ ಮುಂದೆ, ಹೇಳಿ ಬರುತ್ತಿದ್ದರು. ಹಿತ್ತಲ ಗೋಡೆಗೆ ಮುಖ ಮಾಡಿ ಕೂರಲಿಲ್ಲ. ಬಾಲವಾಡಿ ತುಂಬಿತು. ಬಾವಿಯ ಬಳಿ ಸರಿದು ನಿಂತವರು ತಾವಾಗಿ ಮಾತಾಡಿಸಿದರು. ನಾನು ತಿಂಗಳುಗಟ್ಟಲೆ ಅವರಿಗೆ ಗತ್ತಿನಿಂದಲೇ ಉತ್ತರ ಕೊಟ್ಟೆ. ಅಷ್ಟು ನನ್ನ ಹಕ್ಕು.

ಅದೇ ಮೊಹರಮ್ಮಿನ ಕೊನೆಯ ದಿನ ದೇವರು ನಮ್ಮ ಓಣಿಗೆ ಬಂತು. ಬಾಗಿಲಲ್ಲಿ ಕೊಡ ತುಂಬಿಟ್ಟುಕೊಂಡು ನಿಂತಿದ್ದೆ. ಮುಂದೆ ಹೊಗೆ, ಹೊಗೆಯ ಹಿಂದೆ ನಮ್ಮವರು, ಅವರ ಹಿಂದೆ ದೇವರು. ಬರಿಗಾಲು. ಬಟ್ಟಲಿಂದ ಸಿಡಿದ ಕಿಡಿಗೆ ಪಾದದ ಮೇಲೆ ಅಲ್ಲಲ್ಲಿ ಬೊಬ್ಬೆ ಎದ್ದಿದ್ದವು. ದೇವರು ಹೊತ್ತ ಹುಡುಗನ ಕಾಲಿಗೆ ಕೊಡದ ನೀರು ಪೂರ್ತಿ ಹಾಕಿದೆ, ಕೈ ಮುಗಿದೆ. ಊದು ಹಿಡಿದವನ ಕಾಲಿಗೆ ನೀರು ಹಾಕುವ ಪದ್ಧತಿ ಇಲ್ಲ. ನಮ್ಮವರು ನನ್ನ ಕಡೆ ನೋಡದೆ ಮುಂದಿನ ಮನೆಗೆ ಹೊರಟರು.

ಇಡೀ ವರ್ಷ ಕೋಳಿಗೆ, ಕಂಬಕ್ಕೆ, ಕಿಟಕಿಗೆ ಮಾತಾಡಿದ್ದೆ. ಅವತ್ತು ಅವರ ಮುಖ ನೋಡಿದೆ.

"ನಿಂದರ್ರಿ," ಎಂದೆ. "ಕಾಲು ಸುಟ್ಟಾವ. ಇನ್ನೊಂದು ಕೊಡ ತರ್ತೀನಿ."